ಮುಂದೆ ಹಾಕಿದ ಪಿನ್ನು

ಹುಲ್ಲುಮಾಮ ನಮ್ಮ ಶಾಲೆಗೆ ಬಂದ ದಿನ ಏಳನೆಯ ತರಗತಿಯಲ್ಲಿ ವಿಭಕ್ತಿ ಪ್ರತ್ಯಯಗಳ ಪಾಠ ನಡೆಯುತ್ತಿತ್ತು. ಷಷ್ಠಿ ಮುಗಿದು ಸಪ್ತಮಿಗೆ ಹೋಗುವಷ್ಟರಲ್ಲಿ ಹೊರಗೆ ಡುಬುಡುಬು ಸದ್ದು ಕೇಳಿತು; ತರಗತಿಗೆ ತರಗತಿಯೇ ಎದ್ದು ಕಿಟಕಿಗೆ ಮುಗಿಬಿತ್ತು. ಮುಗಿಬಿದ್ದವರಲ್ಲಿ ಪಾಠ ಹೇಳುತ್ತಿದ್ದ ನಾನೂ ಇದ್ದೆನೆಂಬುದನ್ನು ಇಷ್ಟು ವರ್ಷಗಳ ಮೇಲೆ ಒಪ್ಪಿಕೊಳ್ಳಲು ನಾಚಿಕೆಯೇನಿಲ್ಲ.

ಆಟದ ಬಯಲಿನ ಅಂಚಿನಲ್ಲಿ ಒಂದು ಕೆಂಪು ಟ್ರ್ಯಾಕ್ಟರ್ ನಿಂತಿತ್ತು. ಹೊಲ ಉಳುವ ದೊಡ್ಡ ಟ್ರ್ಯಾಕ್ಟರಲ್ಲ. ಹುಲ್ಲು ಕತ್ತರಿಸುವುದಕ್ಕೂ ತೋಟದ ದಾರಿಗಳಲ್ಲಿ ಓಡಾಡುವುದಕ್ಕೂ ಮಾಡಿದ ಗಿಡ್ಡ ಗಾಡಿ. ಅದರ ಮೂತಿ ನಿಂತವರ ಸೊಂಟದೆತ್ತರಕ್ಕೂ ಬರುತ್ತಿರಲಿಲ್ಲ. ಅದರ ಮೇಲೆ ಮೊಣಕಾಲುಗಳನ್ನು ಹೊಟ್ಟೆಯ ಬಳಿಗೆ ಮಡಚಿಕೊಂಡು, ಬೆನ್ನು ನೆಟ್ಟಗೆ ಮಾಡಿ ಒಬ್ಬ ಉದ್ದನೆಯ ಮನುಷ್ಯ ಕೂತಿದ್ದರು.

"ಏನಪ್ಪಾ ಇದು, ಟ್ರ್ಯಾಕ್ಟರೋ ಟ್ರ್ಯಾಕ್ಟರಿನ ಮರಿಯೋ?" ಎಂದರು ಡ್ರಿಲ್ ಮೇಷ್ಟರು.

"ಮರಿನೇ ಸಾರ್. ಹಾಲು ಬಿಡಿಸಿ ತಿಂಗಳಾಯ್ತು. ಈಗ ಪೆಟ್ರೋಲು ಕುಡಿಯುತ್ತೆ."

ಹೀಗೆಂದು ಅವರು ಗೌರವಕ್ಕಾಗಿ ಸೀಟಿನಿಂದ ಅರ್ಧ ಎದ್ದರು. ಎದ್ದದ್ದೇ ತಡ, ಇಂಜಿನ್ನು ಗಕ್ಕನೆ ನಿಂತುಹೋಯಿತು. ಕಿಟಕಿಯ ತುಂಬ ನಗು. ಅವರೂ ನಕ್ಕರು.

"ಇದು ಹೀಗೇ. ಸೀಟಿನ ಕೆಳಗೆ ಒಂದು ಸ್ವಿಚ್ಚಿದೆ. ಬೆನ್ನ ಮೇಲೆ ಭಾರ ಇದ್ರೆ ಮಾತ್ರ ಎಚ್ಚರ, ನಾನೆದ್ರೆ ನಿದ್ದೆ. ನನ್ನ ಬಿಟ್ಟು ಇದು ಒಂದು ಗೇಣೂ ಹೋಗಲ್ಲ."

ಆ ದಿನದಿಂದ ಗಾಡಿಗೆ ಮರಿ ಎಂಬ ಹೆಸರು ಬಂತು, ಮನುಷ್ಯನಿಗೆ ಹುಲ್ಲುಮಾಮ ಎಂಬ ಹೆಸರು. ಸಂಬಳದ ಪಟ್ಟಿಯಲ್ಲಿ ಬೇರೆ ಹೆಸರೇನೋ ಇತ್ತು. ಆದರೆ ಅದನ್ನು ಕೂಗಿದಾಗ ಅವರೇ ಹಿಂತಿರುಗಿ, ಯಾರನ್ನೋ ಕರೆಯುತ್ತಿದ್ದಾರೆಂದು ಹುಡುಕುತ್ತಿದ್ದರಂತೆ.

ಅವರಿಗೆ ವಸತಿಯೆಂದು ಬಯಲಿನ ಮೂಲೆಯಲ್ಲಿ ಎರಡು ಕೋಣೆಯ ಮನೆ ಕೊಟ್ಟಿದ್ದರು. ಮನೆಗೆ ಅಂಟಿಕೊಂಡು ತಗಡಿನ ಶೆಡ್ಡು, ಶೆಡ್ಡಿಗೆ ಅಂಟಿಕೊಂಡು ಒಂದು ಉದ್ದ ಕೋಣೆ. ಆ ಕೋಣೆಯಲ್ಲಿ ಅವರ ಹೆಂಡತಿ ಶಾಲೆಯ ಮಕ್ಕಳ ಸಮವಸ್ತ್ರ ಹೊಲಿಯುತ್ತಿದ್ದಳು. ಆಕೆಯನ್ನು ಎಲ್ಲರೂ ಟೈಲರಮ್ಮ ಎನ್ನುತ್ತಿದ್ದರು. ಗಂಡನ ಇಂಜಿನ್ನು ಒಂದು ಕಡೆ, ಹೆಂಡತಿಯ ಹೊಲಿಗೆ ಯಂತ್ರ ಒಂದು ಕಡೆ. ಮಧ್ಯದ ಗೋಡೆಯ ಪಾಡು ಕೇಳುವವರಿಲ್ಲ.

"ನನ್ನ ಮಿಷನ್ನು ನೋಡಿ, ಮದುವೆಯಾದಾಗಿಂದ ಕೂತಲ್ಲೇ ಕೂತಿದೆ. ಒಂದು ದಿನ ಕೆಸರು ಮೆತ್ತಿಕೊಂಡು ಬಂದಿದ್ದಿಲ್ಲ," ಎಂದು ಆಕೆ ಚುಚ್ಚುವಳು.

"ಕೂತಲ್ಲೇ ಕೂತು ಗೊಣಗೋದು ಅದಕ್ಕೆ ಯಾರು ಕಲಿಸಿದ್ರು ಅಂತ ಗೊತ್ತು ಬಿಡು," ಎಂದು ಇವರು ಬಾಗಿಲು ದಾಟಿಬಿಡುವರು.

ಹುಲ್ಲುಮಾಮನ ಕೆಲಸದಲ್ಲಿ ಕಣ್ಣಿಗೆ ಕಟ್ಟಿದಂತೆ ಉಳಿದಿರುವುದು, ವರ್ಷಕ್ಕೆರಡು ಸಲ ಬಯಲಿಗೆ ಗೊಬ್ಬರ ಹಾಕುತ್ತಿದ್ದ ರೀತಿ. ಅದಕ್ಕಾಗಿ ಮರಿಯ ಹಿಂಬದಿಗೆ ಒಂದು ಡಬ್ಬಿ ಜೋಡಿಸಬೇಕು. ಲಾಳಿಕೆಯಾಕಾರದ ದೊಡ್ಡ ಡಬ್ಬಿ. ತಳದಲ್ಲಿ ಒಂದು ತೂಬು, ತೂಬಿನ ಕೆಳಗೆ ಗಿರಗಿರನೆ ತಿರುಗುವ ತಟ್ಟೆ. ತೂಬು ತೆರೆದರೆ ಗೊಬ್ಬರದ ಕಾಳು ತಟ್ಟೆಯ ಮೇಲೆ ಬಿದ್ದು, ಎರಡೂ ಕಡೆಗೆ ಎರಚಿಕೊಂಡು ಹೋಗುತ್ತದೆ.

ಶೆಡ್ಡಿನಲ್ಲಿ ಡಬ್ಬಿಯನ್ನು ಒಂದು ಕಲ್ಲುಬೆಂಚಿನ ಮೇಲೆ ಇಟ್ಟಿರುತ್ತಿದ್ದರು. ಮರಿಯನ್ನು ಹಿಮ್ಮುಖವಾಗಿ ತಂದು, ಅದರ ಬೆನ್ನಿನ ಎರಡು ಕೊಕ್ಕೆ ಡಬ್ಬಿಯ ಎರಡು ಕಿವಿಯೊಳಗೆ ಸರಿಯಾಗಿ ಹೋಗುವಂತೆ ನಿಲ್ಲಿಸಬೇಕು. ಹೊಸಬರು ಹತ್ತು ಸಲ ಹಿಂದೆಮುಂದೆ ಮಾಡಬೇಕಾದ ಈ ಕೆಲಸವನ್ನು ಅವರು ಒಂದೇ ಸಲಕ್ಕೆ ಮಾಡುತ್ತಿದ್ದರು. ಆಮೇಲೆ ಕೊಕ್ಕೆಗಳಿಗೆ ಎರಡು ದಪ್ಪ ಪಿನ್ನು, ತಟ್ಟೆ ತಿರುಗಿಸುವ ಮೋಟರಿಗೆ ತಂತಿ. ಕೊನೆಗೆ ತೂಬಿನ ಸರಳು. ಆ ಸರಳು ಸೀಟಿನ ಕೆಳಗಿಂದ ಹಾದು ಬಂದು, ಬಲಗೈ ಹತ್ತಿರದ ಹಿಡಿಕೆಯ ಬುಡದಲ್ಲಿರುವ ಬಳೆಯೊಳಗೆ ತೂರುತ್ತದೆ. ಬಳೆ ದಾಟಿ ಮುಂದಕ್ಕೆ ಚಾಚಿದ ತುದಿಯಲ್ಲಿ ಒಂದು ಸಣ್ಣ ತೂತು. ಆ ತೂತಿಗೆ ತಲೆಗೂದಲಿನ ಪಿನ್ನಿನಂಥ ಒಂದು ಪುಟ್ಟ ಪಿನ್ನು ಹಾಕಿದರೆ ಮುಗಿಯಿತು. ಹಾಕದಿದ್ದರೆ ಗಾಡಿ ಕುಲುಕಿದಾಗ ಸರಳು ಬಳೆಯಿಂದ ಹಿಂದಕ್ಕೆ ಜಾರುತ್ತದೆ, ಗೊಬ್ಬರದ ಭಾರಕ್ಕೆ ತೂಬು ಪೂರ್ತಿ ಬಾಯಿ ಬಿಡುತ್ತದೆ.

"ಹುಲ್ಲಿಗೆ ಊಟ ಬಡಿಸೋದು ಸಾರ್ ಇದು," ಎನ್ನುವರು. "ಒಬ್ಬನ ತಟ್ಟೆಗೆ ರಾಶಿ, ಇನ್ನೊಬ್ಬನ ತಟ್ಟೆ ಖಾಲಿ ಆಗಬಾರದು. ರಾಶಿ ಬಿದ್ದ ಕಡೆ ಸುಟ್ಟುಹೋಗುತ್ತೆ, ಖಾಲಿ ಬಿದ್ದ ಕಡೆ ಹಳದಿ. ಬಡಿಸಿದವನ ಬುದ್ಧಿ ಹದಿನೈದು ದಿನದಲ್ಲಿ ನೆಲದ ಮೇಲೆ ಬರೆದುಕೊಳ್ಳುತ್ತೆ."

ಇಪ್ಪತ್ತೆರಡು ವರ್ಷ ಅವರ ಬುದ್ಧಿ ನೆಲದ ಮೇಲೆ ಒಂದೇ ಸಮನಾದ ಹಸಿರಾಗಿ ಬರೆದುಕೊಂಡಿತು.

ಇಪ್ಪತ್ತಮೂರನೆಯ ವರ್ಷ ಒಂದು ಮಧ್ಯಾಹ್ನ, ಮಡಿಲಲ್ಲಿ ಸುಮ್ಮನೆ ಇಟ್ಟುಕೊಂಡಿದ್ದ ಬಲಗೈ ತನ್ನಷ್ಟಕ್ಕೆ ತಾನು ಅಲ್ಲಾಡುವುದನ್ನು ಹುಲ್ಲುಮಾಮ ನೋಡಿದರು. ಕಾಣದ ಕಾಳೊಂದನ್ನು ಹೆಬ್ಬೆರಳು ತೋರುಬೆರಳುಗಳ ನಡುವೆ ಹೊಸೆಯುವಂತೆ ಅದು ಆಡುತ್ತಿತ್ತು. ಎಡಗೈಯಿಂದ ಒತ್ತಿ ಹಿಡಿದರು. ಬಿಟ್ಟರು. ಮತ್ತೆ ಹೊಸೆಯಿತು.

ನರದ ಕಾಯಿಲೆ, ಗುಣವಾಗುವುದಿಲ್ಲ, ನಿಧಾನ ಮಾಡಬಹುದು ಎಂದರು ಡಾಕ್ಟರು. "ಎಷ್ಟು ನಿಧಾನ?" ಎಂದು ಟೈಲರಮ್ಮ ಕೇಳಿದಳು. ಅದಕ್ಕೆ ಡಾಕ್ಟರು ಚೀಟಿ ಬರೆಯುತ್ತಾ ಕೂತರು.

ವಿಚಿತ್ರವೆಂದರೆ ಸ್ಟಿಯರಿಂಗು ಗಟ್ಟಿಯಾಗಿ ಹಿಡಿದಾಗ ಕೈ ನಡುಗುತ್ತಿರಲಿಲ್ಲ. ಸಣ್ಣ ವಸ್ತುಗಳೇ ಶತ್ರುಗಳು: ಗುಂಡಿ, ಬೀಗದ ಕೈ, ಪಿನ್ನು. ಟೈಲರಮ್ಮ ಗಂಡನ ಅಂಗಿಗಳ ಹೊಲಿಗೆಯನ್ನೆಲ್ಲ ಬಿಚ್ಚಿ, ಗುಂಡಿಯ ಸಾಲಿಗೆ ಒಳಗಿನಿಂದ ಅಂಟುಪಟ್ಟಿ ಹೊಲಿದು, ಹೊರಗೆ ಗುಂಡಿಗಳನ್ನು ಸುಮ್ಮನೆ ಶೋಭೆಗೆ ಕೂರಿಸಿದಳು. ಒತ್ತಿದರೆ ಸಾಕು, ಅಂಗಿ ಮುಚ್ಚಿಕೊಳ್ಳುತ್ತಿತ್ತು. ನೋಡಿದವರಿಗೆ ಗುಂಡಿ ಹಾಕಿದ ಮನುಷ್ಯ. ಹೀಗೆ ಇಬ್ಬರೂ ಸೇರಿ ಮೂರು ವರ್ಷ ಲೋಕದ ಕಣ್ಣಿಗೆ ಗುಂಡಿ ಹಾಕಿದರು.

ಆ ಹೊತ್ತಿಗೆ ಶಾಲೆಗೆ ಹೊಸ ಮ್ಯಾನೇಜರ್ ಬಂದಿದ್ದರು. ಒರಟು ಮನುಷ್ಯರಲ್ಲ. ಒಂದು ಶುಕ್ರವಾರ ಶೆಡ್ಡಿನ ಬಾಗಿಲಲ್ಲಿ ನಿಂತು, ನೆಲ ನೋಡುತ್ತಾ ಹೇಳಿದರು:

"ಮಾಮ, ಸೋಮವಾರ ಗೊಬ್ಬರ ಹಾಕ್ತೀರಂತೆ. ನಾನೂ ಬಂದು ನೋಡ್ತೀನಿ. ಯಂತ್ರ ಓಡಿಸೋರು ಗಟ್ಟಿಮುಟ್ಟಾಗಿದ್ದಾರೆ ಅಂತ ನಾನು ಕಣ್ಣಾರೆ ನೋಡಿ ಬರ್ಕೊಡಬೇಕು. ಮಕ್ಕಳು ಓಡಾಡೋ ಜಾಗ ನೋಡಿ."

"ಬನ್ನಿ ಸಾರ್. ಅದಕ್ಕೇನಂತೆ."

"ಸೀಟು ಸಾಕು ಅನ್ನಿಸಿದ್ರೆ ಗೇಟಿನ ಹತ್ರ ಒಂದು ಸ್ಟೂಲಿದೆ. ಆರಾಮಾದ ಕೆಲಸ."

ಸ್ಟೂಲು! ಅವರು ಹೋದ ಮೇಲೆ ಹುಲ್ಲುಮಾಮ ಬಹಳ ಹೊತ್ತು ಮರಿಯ ಮೂತಿ ಒರೆಸುತ್ತಾ ನಿಂತರು. ನಿವೃತ್ತಿಗೆ ಇನ್ನು ಎರಡೇ ವರ್ಷ. ಆ ಎರಡು ವರ್ಷ ಆ ಸೀಟಿನ ಮೇಲೆ ಕೂತು ಕಳೆದರೆ ಸಾಕು. ಅದರಾಚೆಗೆ ಅವರು ದೇವರನ್ನು ಏನನ್ನೂ ಕೇಳಿರಲಿಲ್ಲ.

ಓಡಿಸುವುದು ಅವರ ಕೈಲಾಗುತ್ತಿತ್ತು. ಹಿಂದಿನ ಸಲದವರೆಗೆ ಹೇಗೋ ಸಾಗಿದ್ದ ಜೋಡಣೆ ಈಗ ಆಗುತ್ತಿರಲಿಲ್ಲ. ಆದ್ದರಿಂದ ಭಾನುವಾರ ಬೆಳಿಗ್ಗೆ, ಶಾಲೆಯಲ್ಲಿ ನರಪಿಳ್ಳೆಯಿಲ್ಲದಾಗ, ಡಬ್ಬಿಯನ್ನು ಮೊದಲೇ ಜೋಡಿಸಿಡುವುದೆಂದು ಗಂಡಹೆಂಡಿರು ಮಾತಾಡಿಕೊಂಡರು. ಬಾಯಿ ಅವರದು, ಕೈ ಆಕೆಯದು.

"ಇದೇನ್ರೀ, ಇದಕ್ಕೆ ಕಿವಿ ಎಲ್ಲಿದೆ?"

"ನಿನ್ನ ಬಲಗಡೆ."

"ನನ್ನ ಬಲವೋ ಮರಿ ಬಲವೋ?"

"ಇಬ್ಬರ ಬಲವೂ ಒಂದೇ. ಸೀಟಲ್ಲಿ ಕೂತವನ ಬಲ."

"ಸೀಟಲ್ಲಿ ಯಾರೂ ಕೂತಿಲ್ವಲ್ಲ!"

"ಕೂತಿದ್ದೀನಿ ಅಂದ್ಕೊಳ್ಳೇ."

"ಮೂವತ್ತು ವರ್ಷ ಅಂದ್ಕೊಂಡೇ ಸಂಸಾರ ಮಾಡಿದ್ದು, ಇದೊಂದು ಹೆಚ್ಚಾ?"

ಹೀಗೆ ಬೈದುಕೊಂಡು, ನಕ್ಕು, ಮೊಣಕೈ ತರಚಿಕೊಂಡು ಆಕೆ ಎರಡು ದಪ್ಪ ಪಿನ್ನು ಹಾಕಿದಳು, ತಂತಿ ಸಿಕ್ಕಿಸಿದಳು. ಗಂಡನ ಕೈಗಿಂತ ಚೊಕ್ಕವಾಗಿತ್ತು ಕೆಲಸ. ಕೊನೆಗೆ ಸೀಟಿನ ಕೆಳಗೆ ಮುಖ ತೂರಿಸಿ, ಸರಳನ್ನು ಬಳೆಯೊಳಗೆ ತೂರಿಸಿದಳು. ಬಳೆ ಬಿಗಿಯಾಗಿತ್ತು. ಸರಳು ಅಲ್ಲಾಡದೆ ನಿಂತಿತು.

"ಆಯ್ತು. ಈ ಸಣ್ಣ ಪಿನ್ನು?"

"ಅದನ್ನ ಮುಂದೆ ಹಾಕು," ಎಂದರು ಹುಲ್ಲುಮಾಮ.

ನಮ್ಮ ಭಾಷೆಯಲ್ಲಿ ಮುಂದೆ ಎಂಬುದೊಂದು ಅವ್ಯಯ. ಅದು ಜಾಗವನ್ನೂ ಹೇಳುತ್ತದೆ, ಕಾಲವನ್ನೂ ಹೇಳುತ್ತದೆ. ಮನೆಯ ಮುಂದೆ ಎಂದರೆ ಎದುರಿಗೆ. ಮುಂದೆ ನೋಡೋಣ ಎಂದರೆ ಆಮೇಲೆ. ಎಷ್ಟೋ ವರ್ಷ ಮಕ್ಕಳಿಗೆ ಹೇಳಿಕೊಟ್ಟ ಪಾಠವಿದು. ಒಬ್ಬರಿಗೂ ಇದರಿಂದ ತೊಂದರೆಯಾದದ್ದು ಕೇಳಿರಲಿಲ್ಲ. ಹುಲ್ಲುಮಾಮ ಹೇಳಿದ್ದು ಬಳೆಯ ಮುಂದೆ, ಸರಳಿನ ಮುಂತುದಿಯಲ್ಲಿ ಎಂದು. ಟೈಲರಮ್ಮ ಹೊಲಿಗೆಯವಳು. ಆಕೆಯ ಬಾಯಲ್ಲಿ ಮುಂದೆ ಹಾಕುವುದೆಂದರೆ ಸದ್ಯಕ್ಕೆ ಬೇಡ, ಆಮೇಲೆ ಎಂದರ್ಥ: ಈ ಅಂಚು ಮುಂದೆ ಹಾಕೋಣ, ಆ ಗುಂಡಿ ಮುಂದೆ ಹಾಕೋಣ. ಬಟ್ಟೆಯಿಂದ ತೆಗೆದ ಪಿನ್ನನ್ನು ಎದೆಯ ಮೇಲಿನ ಸ್ವೆಟರಿಗೆ ಚುಚ್ಚಿಕೊಳ್ಳುವುದು ಆಕೆಗೆ ಉಸಿರಾಡಿದಷ್ಟು ಸಹಜ. ಸ್ವೆಟರಿಗೇ ಚುಚ್ಚಿಕೊಂಡಳು.

"ಪಿನ್ನು?"

"ಹ್ಞೂಂ, ಇದೆ ಇದೆ," ಎಂದು ಎದ್ದು ಮೊಣಕಾಲು ಒರೆಸಿಕೊಂಡಳು. ನಾಳೆ ಬೆಳಿಗ್ಗೆ ಹೊರಡುವ ಮುಂಚೆ ಅವರೇ ನೆನಪಿಸುತ್ತಾರೆ ಎಂದುಕೊಂಡಳು.

ಸೋಮವಾರ ಹತ್ತು ಗಂಟೆಗೆ ಮ್ಯಾನೇಜರ್ ಬಂದರು, ಜೊತೆಗೆ ಡ್ರಿಲ್ ಮೇಷ್ಟರು. ಮಕ್ಕಳೆಲ್ಲ ತರಗತಿಯಲ್ಲಿದ್ದರು, ಬಯಲು ಖಾಲಿ. ಡಬ್ಬಿಯ ಕಂಠದವರೆಗೆ ಬಿಳಿ ಕಾಳು ತುಂಬಿಸಿಯಾಗಿತ್ತು. ಹೊರಡುವ ಮೊದಲು ಬಗ್ಗಿ, ಸೀಟಿನ ಕೆಳಗೆ ಬೆರಳಾಡಿಸಿ ಆ ಸಣ್ಣ ಪಿನ್ನನ್ನು ಮುಟ್ಟಿ ನೋಡುವುದು ಹುಲ್ಲುಮಾಮನ ಹಳೆಯ ರೂಢಿ. ಇಪ್ಪತ್ತೈದು ವರ್ಷ ಒಮ್ಮೆಯೂ ತಪ್ಪಿಸಿರಲಿಲ್ಲ. ಆದರೆ ಸ್ಟಿಯರಿಂಗಿನಿಂದ ಕೈ ತೆಗೆದರೆ ನಡುಗುವುದು ಕಾಣುತ್ತದೆ; ಮ್ಯಾನೇಜರ್ ಮೂರು ಮಾರು ದೂರದಲ್ಲಿ ನಿಂತಿದ್ದಾರೆ. ಅವರು ಬಗ್ಗಲಿಲ್ಲ. ಸ್ಟಿಯರಿಂಗನ್ನು ಇನ್ನಷ್ಟು ಬಿಗಿಯಾಗಿ ಹಿಡಿದರು.

ಮೊದಲ ಐವತ್ತು ಹೆಜ್ಜೆ ಚೆನ್ನಾಗಿಯೇ ಹೋಯಿತು. ಹಿಡಿಕೆಯನ್ನು ಎರಡು ಗೆರೆ ಸರಿಸಿದರು. ಎರಡೂ ಬದಿಗೆ ಕಾಳು ಹೂವಿನಂತೆ ಅರಳಿಕೊಂಡು ಬಿತ್ತು. "ಪರವಾಗಿಲ್ವೇ!" ಎಂದ ಡ್ರಿಲ್ ಮೇಷ್ಟರ ದನಿಯೂ ಕಿವಿಗೆ ಬಿತ್ತು. ಆಮೇಲೆ ಓಟದ ಪಥದ ಅಂಚನ್ನು ಹತ್ತುವಾಗ ಮರಿ ಒಮ್ಮೆ ಕುಲುಕಿತು.

ಬೆನ್ನಿಗೆ ತಿಳಿಯಿತು ಮೊದಲು. ಗಾಡಿ ಹಗುರವಾಗುತ್ತಿತ್ತು. ತಿರುಗಿ ನೋಡಿದರೆ ಹಿಂದೆ ಹೂವಿಲ್ಲ. ಕೊಡ ಬಗ್ಗಿಸಿದಂತೆ ಧಾರೆ. ಹುಲ್ಲಿನ ಮೇಲೆ ಬೆಳ್ಳಗೆ ಒಂದು ದಿಂಡು ಬೆಳೆಯುತ್ತಾ ಬರುತ್ತಿತ್ತು. ಹಿಡಿಕೆ ಎಳೆದರು. ಅದು ಬಾವಿಯಲ್ಲಿ ಕೊಡ ಕಳಚಿದ ಹಗ್ಗದಂತೆ ಸುಮ್ಮನೆ ಬಂತು, ಹೋಯಿತು.

"ನಿಲ್ಲಿಸಿ! ಮಾಮ, ನಿಲ್ಲಿಸಿ!"

ಒತ್ತಿದಷ್ಟು ಹೊತ್ತೂ ಗಾಡಿ ಓಡಿಸುವ ಪೆಡಲಿನ ಮೇಲಿದ್ದ ಪಾದಕ್ಕೆ ಮೇಲೇಳೆಂದು ಅವರು ಹೇಳಿದರು. ಪಾದ ಕೇಳಲಿಲ್ಲ. ಹೀಗೆ ಎರಡು ಸಲ ಮನೆಯ ಹೊಸ್ತಿಲಲ್ಲಿ ಆಗಿತ್ತು, ಕಾಲು ನೆಲಕ್ಕೆ ಬೆಸೆದಂತೆ. ಸೀಟಿನ ಮೇಲೆ ಎಂದೂ ಆಗಿರಲಿಲ್ಲ. ಕೀಲಿ ತಿರುಗಿಸಲು ಬಲಗೈ ಚಾಚಿದರು. ಬೆರಳು ಕೀಲಿಯ ಸುತ್ತಲೂ ಆಡಿದವು, ಮುಟ್ಟಿದವು, ಜಾರಿದವು. ಇಲ್ಲದ ಕಾಳನ್ನು ಹೊಸೆದವು. ಕಣ್ಣಿಗೆ ಕೀಲಿ ಸ್ಪಷ್ಟವಾಗಿ ಕಾಣುತ್ತಿತ್ತು, ಅದರ ಮೇಲಿನ ಗೀರೂ ಕಾಣುತ್ತಿತ್ತು. ಒಂದು ಮಗುವೂ ತಿರುಗಿಸಬಲ್ಲ ಕೀಲಿ. ಮರಿ ತನ್ನ ಪಾಡಿಗೆ ತಾನು, ಬಯಲಿನ ನಡುವಿಗೆ, ಮನುಷ್ಯ ನಡೆಯುವಷ್ಟೇ ವೇಗದಲ್ಲಿ, ಅವರನ್ನು ಹೊತ್ತುಕೊಂಡು ಹೋಗುತ್ತಿತ್ತು. ಇಪ್ಪತ್ತೈದು ವರ್ಷ ಅವರು ಅದನ್ನು ಓಡಿಸಿದ್ದರು. ಆ ಒಂದು ನಿಮಿಷ ಅದು ಅವರನ್ನು ಓಡಿಸಿತು.

ಉಳಿದದ್ದು ಒಂದೇ ದಾರಿ. ಅದು ಅವರಿಗೆ ಮೊದಲಿನಿಂದಲೂ ಗೊತ್ತಿದ್ದ ದಾರಿ.

ಎರಡೂ ಕೈಯಲ್ಲಿ ಸ್ಟಿಯರಿಂಗು ಹಿಡಿದು, ತೋಳಿನ ಬಲದಿಂದ ಮೈಯನ್ನು ಮೇಲೆಳೆದುಕೊಂಡು, ಹುಲ್ಲುಮಾಮ ಸೀಟಿನಿಂದ ಎದ್ದರು. ನಾಲ್ಕು ಬೆರಳಷ್ಟು ಎದ್ದರೆ ಸಾಕಿತ್ತು. ಇಂಜಿನ್ನು ಗಕ್ಕನೆ ನಿಂತಿತು.

ಮೌನದಲ್ಲಿ ಡಬ್ಬಿಯ ಕೊನೆಯ ಕಾಳುಗಳು ಸುರಿಯುವ ಸದ್ದು ಕೇಳಿತು. ಅಷ್ಟರಲ್ಲಿ ಹೊಲಿಗೆ ಕೋಣೆಯ ಬಾಗಿಲು ಹೊಡೆದುಕೊಂಡಿತು. ಟೈಲರಮ್ಮ ಓಡಿಬರುತ್ತಿದ್ದಳು, ಒಂದು ಕೈಯಲ್ಲಿ ಎದೆಯ ಮೇಲಿನ ಸ್ವೆಟರನ್ನು ಹಿಡಿದುಕೊಂಡು.

"ತಪ್ಪು ನಂದು ಸಾರ್! ಪಿನ್ನು ನನ್ನ ಹತ್ರ ಇದೆ. ನೋಡಿ, ಇಲ್ಲೇ ಇದೆ. ಮುಂದೆ ಹಾಕು ಅಂದ್ರು. ಆಮೇಲೆ ಹಾಕು ಅಂದ್ರೇನೋ ಅಂತ ನಾನು ಇಟ್ಕೊಂಡೆ. ಇವರದೇನೂ ತಪ್ಪಿಲ್ಲ!"

ಹುಲ್ಲುಮಾಮ ಹೆಂಡತಿಯ ಮುಖ ನೋಡಿದರು. ಆಕೆ ಗಂಡನನ್ನು ಉಳಿಸುತ್ತಿದ್ದಳು, ಉಳಿಸುವ ಒಂದೊಂದು ಮಾತಿನಲ್ಲೂ ಅಂಗಿಯ ಒಂದೊಂದು ಗುಂಡಿ ಕಳಚುತ್ತಿದ್ದಳು. ಪಿನ್ನು ಮರೆತದ್ದು ತಾವೇ ಎಂದರೆ ಅಜಾಗರೂಕ. ಆಕೆ ಎಂದರೆ, ಆಕೆಯೇಕೆ ಹಾಕಬೇಕಿತ್ತು? ಯಾವ ಕಡೆಗೆ ತಿರುಗಿದರೂ ಗೋಡೆ.

ಮ್ಯಾನೇಜರ್ ಪಿನ್ನನ್ನು ಕೈಗೆ ತೆಗೆದುಕೊಳ್ಳಲಿಲ್ಲ.

"ಪಿನ್ನು ಬಿಡಿ, ಯಾರಿಗಾದ್ರೂ ಮರೆಯುತ್ತೆ," ಎಂದರು ಮೆಲ್ಲಗೆ. "ಕೀಲಿ ಯಾಕೆ ತಿರುಗಿಸಲಿಲ್ಲ ಮಾಮ?"

ಹುಲ್ಲುಮಾಮ ಸ್ಟಿಯರಿಂಗಿನಿಂದ ಬಲಗೈ ತೆಗೆದು ತೊಡೆಯ ಮೇಲೆ, ಎಲ್ಲರಿಗೂ ಕಾಣುವ ಹಾಗೆ ಇಟ್ಟರು. ಇಟ್ಟು ಸುಮ್ಮನೆ ಬಿಟ್ಟರು. ಕೈ ತನ್ನ ಕೆಲಸ ಶುರು ಮಾಡಿತು. ಡ್ರಿಲ್ ಮೇಷ್ಟರು ಮುಖ ತಿರುಗಿಸಿಕೊಂಡರು.

ಆ ಮಧ್ಯಾಹ್ನವೆಲ್ಲ ನಾಲ್ಕು ಜನ ಪೊರಕೆ, ಮೊರ, ಬುಟ್ಟಿ ಹಿಡಿದು ಗೊಬ್ಬರ ಬಾಚಿದರು. ಬಾಚಿದಷ್ಟೂ ಹುಲ್ಲಿನ ಬುಡಕ್ಕೆ ಇಳಿಯಿತು. ನೀರು ಬಿಟ್ಟರೆ ಕರಗಿ ಹರಡುತ್ತದೆ, ಬಿಡದಿದ್ದರೆ ಅಲ್ಲೇ ಸುಡುತ್ತದೆ. ಹುಲ್ಲುಮಾಮ ಕಲ್ಲುಬೆಂಚಿನ ಮೇಲೆ ಕೂತು, "ಅಲ್ಲಿ, ಇನ್ನೂ ಎಡಕ್ಕೆ, ಅಲ್ಲಿ ಉಳಿದಿದೆ," ಎನ್ನುತ್ತಿದ್ದರು. ಹತ್ತು ದಿನದಲ್ಲಿ ಬಯಲಿನ ನಡುವೆ ಉದ್ದಕ್ಕೆ ಒಂದು ಕಂದು ಬಣ್ಣದ ಪಟ್ಟಿ ಎದ್ದಿತು, ಯಾರೋ ಸುಡುವ ಇಸ್ತ್ರಿ ಪೆಟ್ಟಿಗೆ ಎಳೆದುಕೊಂಡು ಹೋದ ಹಾಗೆ. ಅದು ಸರಿಯಾಗಿ ಮರಿ ನಿಂತ ಜಾಗದಲ್ಲಿ ಮುಗಿಯುತ್ತಿತ್ತು.

ಗಂಡಹೆಂಡಿರ ನಡುವೆ ಇದರ ಮಾತು ಒಂದೇ ಸಲ ಬಂತಂತೆ.

"ಬಳೆಯ ಮುಂದೆ ಅನ್ನಬೇಕಿತ್ತು ನಾನು."

"ಯಾವ ಮುಂದೆ ಅಂತ ಕೇಳಬೇಕಿತ್ತು ನಾನು."

"ಪಿನ್ನು ಇದ್ದಿದ್ರೂ ಕಾಲು ಹೀಗೇ ಆಗ್ತಿತ್ತು, ಇವತ್ತಲ್ಲ ನಾಳೆ. ಮಕ್ಕಳಿದ್ದಾಗ ಆಗಿದ್ರೆ?"

ಟೈಲರಮ್ಮ ದಾರ ಕಚ್ಚಿ ತುಂಡು ಮಾಡಿದಳು.

ಗೇಟಿನ ಸ್ಟೂಲಿನ ಮೇಲೆ ಅವರು ಕೂತದ್ದು ಏಳು ತಿಂಗಳು. ಆಮೇಲೆ ಅಲ್ಲಿಗೆ ನಡೆದು ಹೋಗುವುದೂ ಕಷ್ಟವಾಯಿತು. ಟೈಲರಮ್ಮನ ಹೊಲಿಗೆ ಇರುವವರೆಗೆ ಮನೆಯನ್ನು ಅವರಿಗೇ ಬಿಟ್ಟಿದ್ದಾರೆ. ಮರಿಯನ್ನು ಈಗ ಓಡಿಸುವಾತ ಹಿಂದೆ ಬಸ್ ಓಡಿಸುತ್ತಿದ್ದವನು, ಹೊಟ್ಟೆ ದೊಡ್ಡದು, ಮನಸ್ಸೂ ದೊಡ್ಡದು. ಗೊಬ್ಬರದ ಕಾಲ ಬಂದಾಗ ಹುಲ್ಲುಮಾಮನನ್ನು ಕುರ್ಚಿ ಸಮೇತ ಶೆಡ್ಡಿಗೆ ತಂದು ಕೂರಿಸಿಕೊಳ್ಳುತ್ತಾನೆ. ಡಬ್ಬಿ ಜೋಡಿಸುವ ಪಾಠ ಬಾಯಿಯಲ್ಲೇ ನಡೆಯುತ್ತದೆ. ಹುಲ್ಲುಮಾಮ ಅಲ್ಲಿ ಮುಂದೆ ಹಿಂದೆ ಎಂಬ ಮಾತನ್ನೇ ಎತ್ತುವುದಿಲ್ಲ. ಮೂತಿ ಕಡೆ ಎನ್ನುತ್ತಾರೆ, ಬಾಲದ ಕಡೆ ಎನ್ನುತ್ತಾರೆ.

"ಪಿನ್ನು ಮೂತಿ ಕಡೆ. ಈಗಲೇ. ನಾನು ನೋಡ್ತಿರೋ ಹಾಗೆ."

"ಹಾಕ್ದೆ ಮಾಮ. ಬಂದು ಮುಟ್ಟಿ ನೋಡ್ತೀರಾ?"

"ಬೇಡ. ನೀನೇ ಮುಟ್ಟಿ ನೋಡು. ಮುಟ್ಟಿ ಹೇಳು."

ಉಳಿದ ದಿನಗಳಲ್ಲಿ ಅವರ ಓಡಾಟವೆಲ್ಲ ಮನೆಯೊಳಗೆ. ಕಾಲು ನೆಲಕ್ಕೆ ಬೆಸೆದುಕೊಳ್ಳುವುದು ಹೆಚ್ಚಾಗಿದೆ. ಎದುರಿಗೆ ಒಂದು ಗೆರೆ ಇದ್ದರೆ ಅದನ್ನು ದಾಟುವ ನೆಪದಲ್ಲಿ ಕಾಲು ಏಳುತ್ತದೆ ಎಂದು ಡಾಕ್ಟರು ಹೇಳಿಕೊಟ್ಟಿದ್ದಾರೆ. ಏಕೋ ಏನೋ, ಅದು ನಿಜ. ಹೀಗಾಗಿ ದಿನಾ ಬೆಳಿಗ್ಗೆ ಟೈಲರಮ್ಮ ಬಟ್ಟೆಗೆ ಗುರುತು ಹಾಕುವ ನೀಲಿ ಸುಣ್ಣದಕಡ್ಡಿ ಹಿಡಿದು, ಮಂಚದಿಂದ ಕಿಟಕಿಯವರೆಗೆ ಹೆಜ್ಜೆಗೊಂದರಂತೆ ನೆಲದ ಮೇಲೆ ಅಡ್ಡಗೆರೆ ಎಳೆಯುತ್ತಾಳೆ. ಎಲ್ಲ ಗೆರೆಗೂ ಅದೇ ಅಳತೆ, ಅದೇ ಅಂತರ. ಹುಲ್ಲುಮಾಮ ಒಂದೊಂದನ್ನೇ ದಾಟುತ್ತಾ ಕಿಟಕಿಗೆ ಹೋಗುತ್ತಾರೆ, ಬಯಲು ನೋಡುತ್ತಾರೆ. ಸುಟ್ಟ ಪಟ್ಟಿಯಲ್ಲಿ ಹುಲ್ಲು ಮತ್ತೆ ಬಂದಿದೆ, ಉಳಿದ ಕಡೆಗಿಂತ ಒಂದು ಪಾಲು ಹೆಚ್ಚೇ ಕಪ್ಪುಹಸಿರು. ನೋಡಿ ಬರುತ್ತಾರೆ. ಮತ್ತೆ ಹೋಗುತ್ತಾರೆ.

ಮಧ್ಯಾಹ್ನದ ಹೊತ್ತಿಗೆ ಓಡಾಡಿ ಓಡಾಡಿ ಗೆರೆಗಳು ಅಳಿಸಿರುತ್ತವೆ. ಆಗ ಅವರು ಕೋಣೆಯ ನಡುವೆ, ಗೆರೆ ಮುಗಿದಲ್ಲಿ, ನಿಂತುಬಿಡುತ್ತಾರೆ.

"ಲೇ," ಎಂದು ಕರೆಯುತ್ತಾರೆ. "ಇಲ್ಲಿ ಅಳಿಸಿಹೋಗಿದೆ."

ಗೋಡೆಯಾಚೆ ಹೊಲಿಗೆ ಯಂತ್ರ ನಿಲ್ಲುವುದಿಲ್ಲ. "ಬಂದೆ ಇರಿ. ಒಂದು ತೋಳಿದೆ. ಮುಂದೆ ಹಾಕ್ತೀನಿ."

"ಯಾವ ಮುಂದೆ?"

ಆಕೆ ನಗುವುದು ಕೇಳುತ್ತದೆ. ಅವರೂ ನಗುತ್ತಾರೆ. ಆಮೇಲೆ ಹೊರಗೆ ಬಯಲಿನಲ್ಲಿ ಮರಿಯ ಡುಬುಡುಬು ಸದ್ದು ಹತ್ತಿರ ಬರುವುದನ್ನೂ ದೂರ ಹೋಗುವುದನ್ನೂ ಕೇಳುತ್ತಾ, ಎರಡು ಪಾದಗಳನ್ನೂ ನೋಡಿಕೊಂಡು, ತೋಳಿನ ಹೊಲಿಗೆ ಮುಗಿಯುವವರೆಗೆ ಹಾಗೇ ನಿಂತಿರುತ್ತಾರೆ.